ಬೆನ್ನಿನ ಮೇಲೆ ಮೂಡಿದ ಚಿಗುರು

ಗುರುವಾರದ ಮಧ್ಯಾಹ್ನಗಳಿಗೆ ನಮ್ಮ ಮನೆಯಲ್ಲಿ ಬೇರೆಯೇ ಒಂದು ವಾಸನೆ ಇರುತ್ತಿತ್ತು. ಜಜ್ಜಿದ ಸಣ್ಣ ಈರುಳ್ಳಿ, ಅದರ ಮೇಲೆ ಸುರಿದ ಕೊಬ್ಬರಿ ಎಣ್ಣೆ, ಹಿಂದಿನ ಜಗಲಿಯ ಕೆಂಡದ ಒಲೆಯಲ್ಲಿ ಕರಗುತ್ತಿರುವ ಮೇಣ. ನಾನು ಮಕ್ಕಳಿಗೆ ಪಾಠ ಹೇಳಿ ಶಾಲೆಯಿಂದ ಬಂದು ಚಪ್ಪಲಿ ಬಿಡುವಾಗಲೇ ಆ ಮೂರೂ ಬೆರೆತು ಮೂಗಿಗೆ ಬರುತ್ತಿದ್ದವು. ಒಳಗೆ ಹೋದರೆ ಗಂಡನ ತಾಯಿ ಪಾರ್ತಿನಾ ಅತ್ತೆ ಕೇದಗೆ ಎಲೆಯ ಚಾಪೆಯ ಮೇಲೆ ಬೋರಲು ಮಲಗಿರುತ್ತಿದ್ದರು. ಪಕ್ಕದ ಮನೆಯ ರುಬಿಯಾ ಅಜ್ಜಿ ಅವರ ಸೊಂಟದ ಬಳಿ ಕಾಲು ಮಡಿಸಿ ಕೂತು, ತಾಮ್ರದ ಬಿಲ್ಲೆಯನ್ನು ಎಣ್ಣೆಯಲ್ಲಿ ಅದ್ದಿ ಅದ್ದಿ, ಮೈಯೊಳಗೆ ಸೇರಿಕೊಂಡ ಗಾಳಿ ಹೊರಗೆ ಹೋಗಲೆಂದು ಬೆನ್ನು ಗೀರುತ್ತಿದ್ದರು.

ಆ ಬಿಲ್ಲೆ ಒಂದು ಕಾಲದಲ್ಲಿ ನಾಣ್ಯವಾಗಿತ್ತು. ನಮ್ಮ ದ್ವೀಪವನ್ನು ಡಚ್ಚರು ಆಳುತ್ತಿದ್ದ ಕಾಲದ್ದು. ಅದರ ಮೇಲೆ ಸಿಂಹವೋ ಕಿರೀಟವೋ ಇತ್ತಂತೆ. ಎಷ್ಟೋ ಬೆನ್ನುಗಳ ಮೇಲೆ ಓಡಾಡಿ ಈಗ ನುಣ್ಣಗಾಗಿ, ಸಂಜೆಯ ಸೂರ್ಯನ ಹಾಗೆ ಬರೀ ಬಣ್ಣವಾಗಿ ಉಳಿದಿತ್ತು. ಅಂಚು ಮಾತ್ರ ಚೂಪೂ ಅಲ್ಲ, ಮೊಂಡೂ ಅಲ್ಲ.

"ಲೇ ಪಾರ್ತಿ, ಇದು ಬೆನ್ನಾ, ಗದ್ದೆ ಬದುವಾ? ಬಿಲ್ಲೆ ಎಡವಿ ಬೀಳ್ತಿದೆ."

"ಕಣ್ಣು ಕಾಣದೆ ನೀನು ಎಡವಿದ್ರೆ ನನ್ನ ಬೆನ್ನನ್ನ ಯಾಕೆ ಬೈತೀಯ ಅಕ್ಕ? ಸ್ವಲ್ಪ ಮೆತ್ತಗೆ."

"ಮೆತ್ತಗೆ ಗೀರಿದ್ರೆ ಗಾಳಿಗೆ ಕಚಗುಳಿ ಆಗುತ್ತೆ ಅಷ್ಟೆ. ನಕ್ಕೊಂಡು ಒಳಗೇ ಕೂತಿರುತ್ತೆ."

ಇಷ್ಟು ಮಾತಾದ ಮೇಲೆ ಇಬ್ಬರೂ ಸುಮ್ಮನಾಗುತ್ತಿದ್ದರು. ಆಮೇಲೆ ಕೇಳುತ್ತಿದ್ದದ್ದು ಬಿಲ್ಲೆಯ ಸದ್ದು ಮಾತ್ರ. ಒಣ ಎಲೆಯ ಮೇಲೆ ಯಾರೋ ಬೆರಳು ಎಳೆದ ಹಾಗೆ. ಮೊದಲು ಬೆನ್ನುಹುರಿಯ ಎರಡೂ ಬದಿಗೆ ಕುತ್ತಿಗೆಯಿಂದ ಸೊಂಟದವರೆಗೆ ಉದ್ದ ಗೆರೆ, ಆಮೇಲೆ ಪಕ್ಕೆಲುಬು ಇಳಿದ ಕಡೆಗೆ ಓರೆ ಗೆರೆಗಳು. ಗೀರಿದಲ್ಲೆಲ್ಲ ಕೆಂಪು ಏಳುತ್ತಿತ್ತು. ಗಾಳಿ ಎಲ್ಲಿ ಸೇರಿಕೊಂಡಿದೆಯೋ ಅಲ್ಲಿ ಕೆಂಪು ಕಡುವಾಗಿ ಮಾಗಿದ ಹಣ್ಣಿನ ಸಿಪ್ಪೆಯ ಬಣ್ಣಕ್ಕೆ ತಿರುಗುತ್ತಿತ್ತು. ಗೆರೆ ನೇರವಾಗಿರಬೇಕು, ಒಳಗಿನಿಂದ ಹೊರಗೆ, ಮೇಲಿನಿಂದ ಕೆಳಗೆ. ಬಾಗಿದ ಗೆರೆ ಎಳೆದರೆ ಗಾಳಿ ಅದರೊಳಗೇ ಸುತ್ತಿಕೊಂಡು ಕೂತುಬಿಡುತ್ತದೆ ಎಂದು ನಮ್ಮೂರಿನ ಎಲ್ಲ ಹೆಂಗಸರಿಗೂ ಗೊತ್ತು. ಕೆಂಪು ಪೂರ್ತಿ ಮಾಸುವ ತನಕ ಮತ್ತೆ ಗೀರುವಂತಿಲ್ಲ. ಗೀರಿಸಿಕೊಂಡ ಮೇಲೆ ಆ ದಿನ ಸ್ನಾನವಿಲ್ಲ. ಬೆನ್ನು ಮುಚ್ಚಿಕೊಂಡು ಬೆಚ್ಚಗೆ ಇರಬೇಕು, ಬೆಲ್ಲ ಹಾಕಿದ ಶುಂಠಿ ಕಷಾಯ ಕುಡಿಯಬೇಕು.

ಅತ್ತೆಯ ಬೆನ್ನು ಕೆಟ್ಟಿದ್ದು ಬಾತಿಕ್‌ನಿಂದ. ಹುಡುಗಿಯಾಗಿದ್ದಾಗಿನಿಂದ ಅಂಗೈಯಗಲದ ಮಣೆಯ ಮೇಲೆ ಕೂತು, ಬಿದಿರಿನ ಚೌಕಟ್ಟಿಗೆ ಇಳಿಬಿಟ್ಟ ಬಟ್ಟೆಯ ಮೇಲೆ ಬಿಸಿ ಮೇಣದಲ್ಲಿ ಚಿತ್ತಾರ ಬರೆದ ಬೆನ್ನು ಅದು. ಬರೆಯುವ ಸಾಧನಕ್ಕೆ ನಮ್ಮಲ್ಲಿ ಚಾಂತಿಂಗ್ ಎನ್ನುತ್ತಾರೆ. ಬಿದಿರಿನ ಹಿಡಿ, ಅದರ ತುದಿಗೆ ಪುಟ್ಟ ತಾಮ್ರದ ಬಟ್ಟಲು, ಬಟ್ಟಲಿಗೆ ಹಕ್ಕಿಯದರಂಥ ಕೊಕ್ಕು. ಕೊಕ್ಕಿನಿಂದ ಮೇಣ ಇಳಿಯುವಾಗ ಉಸಿರು ಬಿಗಿಹಿಡಿಯಬೇಕು. ಹಾಗೆ ಬಿಗಿಹಿಡಿದ ಉಸಿರೆಲ್ಲ ಹೊರಗೆ ಹೋಗದೆ ಬೆನ್ನಿಗೆ ಸೇರಿಕೊಂಡಿದೆ ಎಂದು ಅತ್ತೆ ಹೇಳುತ್ತಿದ್ದರು. ಅವರು ತಮಾಷೆಗೆ ಹೇಳುತ್ತಿದ್ದರೋ ನಿಜಕ್ಕೂ ನಂಬಿದ್ದರೋ ಕೇಳಿಲ್ಲ. ಮೈಮರೆತು ಕೆಲಸ ಮಾಡುವವರ ಉಸಿರು ಎಲ್ಲಿಗೆ ಹೋಗುತ್ತದೆ ಎಂದು ನನಗೂ ಗೊತ್ತಿಲ್ಲ.

ರುಬಿಯಾ ಅಜ್ಜಿಯೂ ಬಾತಿಕ್‌ನವರೇ. ಇಬ್ಬರೂ ಒಂದೇ ಯಜಮಾನಿಯ ಅಂಗಳದಲ್ಲಿ, ಒಂದೇ ಮೇಣದ ಒಲೆಯ ಎದುರುಬದುರಾಗಿ ಕೂತು ಬೆಳೆದವರು. ಅಜ್ಜಿಯ ಕೈಗೆ ಹೆಸರಿತ್ತು. ಅವರು ಬರೆಯುತ್ತಿದ್ದ ಜರೀಗಿಡದ ಸುರುಳಿ ಚಿಗುರು ಬೇರೆ ಯಾರ ಬಟ್ಟೆಯಲ್ಲೂ ಸಿಗುತ್ತಿರಲಿಲ್ಲ. ಬಟ್ಟೆ ಅಲುಗಾಡದಿದ್ದರೂ ಆ ಚಿಗುರು ಈಗಷ್ಟೇ ಬಿಚ್ಚಿಕೊಳ್ಳುತ್ತಿದೆ ಎನ್ನಿಸುತ್ತಿತ್ತು. ಸಕ್ಕರೆ ಕಾಯಿಲೆ ಮೊದಲು ಅವರ ಕಣ್ಣು ತೆಗೆದುಕೊಂಡಿತು. ಆಗ ಅವರು ತಮ್ಮದೇ ಹೊದಿಕೆ ಬರೆಯುತ್ತಿದ್ದರು. ನಮ್ಮಲ್ಲಿ ಸತ್ತವರಿಗೆ ಸ್ನಾನ ಮಾಡಿಸುವ ತನಕ ಬಾತಿಕ್ ಬಟ್ಟೆ ಹೊದಿಸುತ್ತಾರೆ. ಜೀವಮಾನವೆಲ್ಲ ಬೇರೆಯವರ ಮದುವೆಗೆ, ಬೇರೆಯವರ ಬಸಿರಿನ ಶಾಸ್ತ್ರಕ್ಕೆ ಬರೆದವರು ಆ ಒಂದು ಬಟ್ಟೆಯನ್ನು ಮಾತ್ರ ತಮಗಾಗಿ ಬರೆದುಕೊಳ್ಳುತ್ತಾರೆ. ಅಜ್ಜಿಯ ಹೊದಿಕೆ ಅರ್ಧಕ್ಕೆ ನಿಂತಿತು. ಒಂದು ದಿನ ಅದನ್ನು ಮಡಚಿ ತಂದು ಅತ್ತೆಯ ಮಡಿಲಲ್ಲಿಟ್ಟು, "ಉಳಿದಿದ್ದು ನೀನು ಬರಿ" ಎಂದು ಹೇಳಿ ಗೋಡೆ ಹಿಡಿದುಕೊಂಡು ಹೊರಟುಹೋದರು.

ಅತ್ತೆ ಬರೆದರು. ಮೊದಲರ್ಧವನ್ನು ಎದುರಿಗಿಟ್ಟುಕೊಂಡು, ಅದೇ ಅಳತೆ, ಅದೇ ಬಾಗು. ನನ್ನ ಕಣ್ಣಿಗೆ ಎರಡೂ ಒಂದೇ. ಬರೆದ ಭಾಗವನ್ನು ಅಜ್ಜಿಯ ಮುಂದೆ ಹರಡಿದಾಗ ಅವರು ಬೆರಳ ತುದಿಯಿಂದ ಮೇಣದ ಗೆರೆಯನ್ನು ತಡವಿದರು. ಇರುವೆ ನಡೆದ ಹಾಗೆ ಬೆರಳು ಗೆರೆಯ ಮೇಲೆ ಹೋಗಿ, ಸುರುಳಿಯ ಹತ್ತಿರ ನಿಂತಿತು.

"ಚೆನ್ನಾಗಿದೆ," ಅಂದರು.

"ಸುಳ್ಳು ಹೇಳಬೇಡ ಅಕ್ಕ."

"ಚೆನ್ನಾಗಿದೆ ಕಣೇ. ಸತ್ತೋರಿಗೆ ಇಷ್ಟು ಸಾಕು. ಚಿಗುರು ಸ್ವಲ್ಪ ಬಾಡಿದೆ, ಏನಾಯ್ತು? ನಾನೂ ಬಾಡಿರ್ತೀನಲ್ಲ."

ಮರುದಿನ ಬೆಳಿಗ್ಗೆ ಅತ್ತೆ ತಗಡಿನ ಚೂರಿನಿಂದ ಅಷ್ಟೂ ಮೇಣವನ್ನು ಹೆರೆದು ತೆಗೆದರು. ಹೆರೆಯುವ ಸದ್ದು ಬೆನ್ನು ಗೀರುವ ಸದ್ದಿನ ಹಾಗೇ ಇತ್ತು. ಒಳಗೆ ಪಾತ್ರೆ ತೊಳೆಯುತ್ತಿದ್ದ ನನಗೆ, ಇವತ್ತು ಗುರುವಾರ ಅಲ್ಲವಲ್ಲ ಎಂದು ಒಂದು ಕ್ಷಣ ಗಲಿಬಿಲಿಯಾಯಿತು.

"ಎಲ್ಲಿಂದ ಶುರು ಮಾಡ್ತಿದ್ದೆ ಅಕ್ಕ, ಸುರುಳೀನ?" ಎಂದು ಅತ್ತೆ ಕೇಳಿದ್ದು ನೆನಪಿದೆ.

"ಬುಡದಿಂದ ಇರ್ಬೇಕು. ಚಿಗುರು ಎಲ್ಲಿಂದ ಹುಟ್ಟುತ್ತೆ? ಬುಡದಿಂದ ತಾನೆ."

"ನಾನೂ ಬುಡದಿಂದಲೇ ಬರೆದೆ."

"ಹಾಗಾದ್ರೆ ನನಗೆ ಗೊತ್ತಿಲ್ಲ ತಾಯಿ. ನಾನು ಯಾವತ್ತು ನೋಡಿಕೊಂಡು ಬರೆದಿದ್ದೀನಿ? ಕೈ ಹೋಗ್ತಿತ್ತು."

ಖಾಲಿ ಚಾಂತಿಂಗನ್ನು ಕೈಗೆ ಕೊಟ್ಟು ಗಾಳಿಯಲ್ಲಿ ಬರೆದು ತೋರಿಸು ಎಂದೂ ಕೇಳಿದ್ದಾಯಿತು. ಅಜ್ಜಿಯ ಕೈ ಮೇಲೆದ್ದು, ಯಾರೋ ಹೆಸರು ಕೇಳಿದಾಗ ತನ್ನ ಹೆಸರೇ ಮರೆತ ಮಗುವಿನ ಹಾಗೆ ನಿಂತುಬಿಟ್ಟಿತು. ಅವರು ಚಾಂತಿಂಗನ್ನು ಕೆಳಗಿಟ್ಟು ಕೈಯನ್ನು ಸೆರಗಿನೊಳಗೆ ಮುಚ್ಚಿಟ್ಟುಕೊಂಡರು. ಅಷ್ಟರಲ್ಲಿ ಕಾಯಿಲೆ ಅವರ ಪಾದಗಳಿಗೂ ಬಂದಿತ್ತು. ಚಪ್ಪಲಿ ಕಳಚಿಹೋದರೂ ತಿಳಿಯುತ್ತಿರಲಿಲ್ಲ. ಬೆರಳುಗಳಿಗೂ ಜೋಮು ಹತ್ತುತ್ತಿದೆ ಎಂದು ಒಮ್ಮೆ ಬಾಯಿತಪ್ಪಿ ಹೇಳಿದ್ದರು. ಆ ಬೆರಳಿಗೆ ಗೆರೆ ತಿಳಿಯುವುದು ನಿಲ್ಲುವ ಮೊದಲು ಚಿಗುರು ಜೀವಂತವಾಗಿ ಬಟ್ಟೆಗೆ ಬರಬೇಕು. ಅತ್ತೆ ಇದನ್ನು ಬಾಯಿಬಿಟ್ಟು ಹೇಳಲಿಲ್ಲ. ಆದರೆ ಆ ಮಳೆಗಾಲದಲ್ಲಿ ಅವರು ಬೇರೆ ಯಾವ ಬಟ್ಟೆಯನ್ನೂ ಒಪ್ಪಿಕೊಳ್ಳಲಿಲ್ಲ. ಒಂದು ಚಿಗುರು ಬರೆಯುವುದು, ಹೆರೆಯುವುದು. ಬರೆಯುವುದು, ಹೆರೆಯುವುದು.

ಆ ಮಳೆಗಾಲದ ಒಂದು ಗುರುವಾರ ಮೋಡ ಕವಿದಿತ್ತು. ಊರಾಚೆ ಹಳೆಯ ರಾಜರ ಗೋರಿಗಳಿರುವ ಗುಡ್ಡ ಕಾಣದಷ್ಟು ಮಂಜು. ಮಧ್ಯಾಹ್ನವಾದರೂ ಇನ್ನೂ ಬೆಳಗಾಗುತ್ತಲೇ ಇದೆ ಎನ್ನುವಂಥ ಬೆಳಕು. ಅಂಗಳದ ಹಲಸಿನ ಮರದಿಂದ ನೀರು ತೊಟ್ಟಿಕ್ಕುತ್ತಿತ್ತು. ನಾನು ಬಾಗಿಲ ಬಳಿ ಕೂತು ಮಕ್ಕಳ ಪರೀಕ್ಷೆಯ ಉತ್ತರಗಳನ್ನು ತಿದ್ದುತ್ತಿದ್ದೆ. ಅಜ್ಜಿ ಗೀರುತ್ತ ಗೀರುತ್ತ, ತೂಕಡಿಕೆಯೂ ಅಲ್ಲದ ಎಚ್ಚರವೂ ಅಲ್ಲದ ಒಂದು ಕಡೆ ಹೋಗಿದ್ದರು. ಗಂಟಲಲ್ಲಿ ಏನೋ ಗುನುಗು. ಅಂಗಳದಲ್ಲಿ ಹುಡುಗಿಯರೆಲ್ಲ ಸಾಲಾಗಿ ಕೂತು ಬರೆಯುವಾಗ ಹೊರಡುತ್ತದಲ್ಲ, ಮಾತಿಲ್ಲದ, ರಾಗವೂ ಇಲ್ಲದ ಅಂಥ ಗುನುಗು. ಬಿಲ್ಲೆಯ ಸದ್ದು ಬದಲಾಯಿತು. ನಾನು ತಲೆ ಎತ್ತಿದೆ.

ಅತ್ತೆಯ ಸೊಂಟದ ಮೇಲೆ, ಎಡಕ್ಕೆ, ಒಂದು ಸುರುಳಿ ಬಿಚ್ಚಿಕೊಳ್ಳುತ್ತಿತ್ತು.

ಬಿಲ್ಲೆ ನಡುವಿನ ಚುಕ್ಕೆಯಿಂದ ಹೊರಟು, ಒಂದು ಸುತ್ತು ಸುತ್ತಿ, ಅಗಲವಾಗಿ, ಬುಡದತ್ತ ಇಳಿದು, ಕೊನೆಯಲ್ಲಿ ಮೂರು ಪುಟ್ಟ ಗೀರು ಹಾಕಿ ಮೇಲೆದ್ದಿತು. ಕೆಂಪಗೆ, ಒದ್ದೆಯಾಗಿ, ಎಣ್ಣೆಯ ಹೊಳಪಿನಲ್ಲಿ ಜರೀಗಿಡದ ಚಿಗುರು. ಪಕ್ಕದಲ್ಲಿ ಇನ್ನೊಂದು. ಅಜ್ಜಿಯ ಕಣ್ಣು ಅರ್ಧ ಮುಚ್ಚಿತ್ತು. ತೆರೆದಿದ್ದರೂ ಅವರಿಗೆ ಕಾಣುತ್ತಿರಲಿಲ್ಲ. ಅತ್ತೆಗಂತೂ ಅವರ ಬೆನ್ನು ಎಂದೂ ಕಂಡದ್ದಲ್ಲ. ಆ ಮನೆಯಲ್ಲಿ ಅದನ್ನು ನೋಡುತ್ತಿದ್ದವಳು ನಾನೊಬ್ಬಳೇ. ಬಾಯಿ ತೆರೆದೆ. ಬೆನ್ನಿನ ಮೇಲೆ ಬಾಗಿದ ಗೆರೆ! ಅಜ್ಜೀ, ತಪ್ಪಾಯ್ತು ಎನ್ನಬೇಕು. ಅಷ್ಟರಲ್ಲಿ ಚಾಪೆಯ ಮೇಲೆ ಒತ್ತಿಕೊಂಡಿದ್ದ ಅತ್ತೆಯ ಮುಖ ನನ್ನ ಕಡೆ ತಿರುಗಿತು. ಕಣ್ಣು ಅಗಲವಾಗಿ ತೆರೆದಿತ್ತು. ಅವರು ತುಟಿಯ ಮೇಲೆ ಬೆರಳಿಡಲಿಲ್ಲ, ತಲೆಯಾಡಿಸಲಿಲ್ಲ, ನನ್ನನ್ನು ನೋಡಿದರಷ್ಟೆ. ನಾನು ಬಾಯಿ ಮುಚ್ಚಿದೆ. ಚಾಪೆಯ ಅಂಚಿನಲ್ಲಿ ಅವರ ಬಲಗೈಯ ಹೆಬ್ಬೆರಳು ಮತ್ತು ತೋರುಬೆರಳು, ಇಲ್ಲದ ಚಾಂತಿಂಗನ್ನು ಹಿಡಿದುಕೊಂಡು, ನಡುವಿನಿಂದ ಹೊರಕ್ಕೆ ಸಣ್ಣಗೆ ತಿರುಗುತ್ತಿದ್ದವು.

ಅಜ್ಜಿ ಹೋದ ಮೇಲೆ ಅತ್ತೆ ಏಳಲು ನೋಡಿದರು. ಆಗಲಿಲ್ಲ. ನಾನು ಕಂಕುಳಿಗೆ ಕೈಕೊಟ್ಟು ಎಬ್ಬಿಸಿದೆ.

"ಒಳಗಿಂದ," ಅಂದರು. "ನೋಡಿದೆಯಾ? ಒಳಗಿಂದ ಶುರು. ನಾವಿಬ್ಬರೂ ಬುಡ ಬುಡ ಅಂತ ಒದ್ದಾಡ್ತಿದ್ವಿ."

"ಅತ್ತೆ, ಗೆರೆ ಸುತ್ತಿದ್ದಾರೆ. ನೋವು ಹೆಚ್ಚಾದ್ರೆ?"

"ಆಗ್ಲಿ."

"ಅಜ್ಜಿಗೆ ಹೇಳ್ಲಾ?"

"ಹೇಳಿದ್ರೆ ನಿನ್ನ ನಾಲಿಗೆ ಗೀರ್ತೀನಿ. ಅಕ್ಕನಿಗೆ ತಾನು ಬಾಗಿಸಿ ಗೀರಿದೆ ಅಂತ ಗೊತ್ತಾದ್ರೆ ಇನ್ನು ಯಾರ ಬೆನ್ನೂ ಮುಟ್ಟಲ್ಲ. ಚಿಗುರಿನ ಸುತ್ತು ಮಾತ್ರ ತಿಳೀತು ನನಗೆ. ಮೂರು ಗೀರಲ್ಲಿ ಕೈ ಯಾವಾಗ ಎತ್ತುತ್ತಾಳೆ, ಅದು ಇನ್ನೂ ತಿಳಿದಿಲ್ಲ."

ಆಮೇಲಿನ ಗುರುವಾರಗಳು ನನ್ನ ನೆನಪಿನಲ್ಲಿ ಒಂದೇ ಗುರುವಾರವಾಗಿ ಉಳಿದಿವೆ. ಅದೇ ಮಂಜು, ಅದೇ ಗುನುಗು. ಅತ್ತೆ ಈಗ ಮಲಗುತ್ತಲೇ ಮಾತು ನಿಲ್ಲಿಸಿಬಿಡುತ್ತಿದ್ದರು, ಮೌನ ಬೇಗ ಬರಲಿ ಎಂದು. ಮೌನದಲ್ಲಿ ಮಾತ್ರ ಅಜ್ಜಿಯ ಕೈ ತನ್ನನ್ನು ತಾನೇ ಮರೆಯುತ್ತಿತ್ತು. ಯಾರಾದರೂ ಕೆಮ್ಮಿದರೆ ಗೆರೆ ಮತ್ತೆ ನೇರವಾಗುತ್ತಿತ್ತು. ನಾನು ಕೋಳಿಗಳನ್ನು ಹಿತ್ತಿಲಿಗೆ ಅಟ್ಟಿ, ರೇಡಿಯೋ ಆರಿಸಿ, ಬಾಗಿಲ ಬಳಿ ಕೂರುತ್ತಿದ್ದೆ. ಬೆನ್ನಿನ ಮೇಲ್ಭಾಗದಲ್ಲಿ ನೆಟ್ಟಗೆ ನಿಂತ ಗೆರೆಗಳು, ಸೊಂಟಕ್ಕೆ ಬಂದಾಗ ಚಿಗುರು ಚಿಗುರಾಗಿ ಬಾಗುತ್ತಿದ್ದವು. ಮಳೆ ನಿಂತ ಕಾಡಿನಂಚಿನ ಹಾಗೆ. ಅದು ಎಷ್ಟು ಚೆಂದವಾಗಿತ್ತೆಂದರೆ, ಅದರ ಕೆಳಗೆ ಒಬ್ಬರಿಗೆ ನೋವಾಗುತ್ತಿದೆ ಎಂಬುದನ್ನು ನಾನೂ ಮರೆಯುತ್ತಿದ್ದೆ.

ನೋವು ಹೆಚ್ಚಾಯಿತು. ಗಾಳಿ ಸುರುಳಿಯೊಳಗೆ ಸಿಕ್ಕಿಕೊಂಡಿದೆ ಎಂದು ಅತ್ತೆಯ ನಂಬಿಕೆ. ದಿನವಿಡೀ ಮಣೆ ಬಿಟ್ಟು ಏಳದಿದ್ದರೆ ಯಾರ ಬೆನ್ನಾದರೂ ನೋಯುತ್ತದೆ ಎಂದು ನನ್ನ ಲೆಕ್ಕ. ನಮಾಜಿಗೆ ನಿಂತರೆ ಬಾಗಲು ಆಗದೆ ಕುರ್ಚಿಯ ಮೇಲೆ ಕೂತು ಮುಗಿಸತೊಡಗಿದರು. ಬಸ್ ಓಡಿಸುವ ನನ್ನ ಗಂಡ ಮನೆಗೆ ಬಂದಾಗ ಆಸ್ಪತ್ರೆಗೆ ಹೋಗೋಣ ಎಂದು ಗಲಾಟೆ ಮಾಡಿದ. ಬಟ್ಟೆ ಮುಗಿಯಲಿ ಎಂದರು ಅತ್ತೆ. ಬಟ್ಟೆಯಲ್ಲಿ ಮಾತ್ರ ಚಿಗುರುಗಳು ಒಂದೊಂದಾಗಿ ಏಳುತ್ತಿದ್ದವು, ಈ ಸಲ ಹೆರೆಯಬೇಕಾಗಲಿಲ್ಲ. ಅವರು ಬರೆಯುವುದನ್ನು ನೋಡುತ್ತಿದ್ದೆ. ಬರೆಯುವ ಮೊದಲು ಒಮ್ಮೆ ಕಣ್ಣು ಮುಚ್ಚಿ, ಭುಜವನ್ನು ಸ್ವಲ್ಪ ಹಿಂದಕ್ಕೆ ತಂದು, ತಮ್ಮ ಬೆನ್ನನ್ನು ಕೇಳಿಸಿಕೊಳ್ಳುವವರ ಹಾಗೆ ಕೂರುತ್ತಿದ್ದರು. ಆಮೇಲೆ ಕೊಕ್ಕಿಗೆ ಉಫ್ ಎಂದು ಊದಿ, ನಡುವಿನ ಚುಕ್ಕೆ ಇಡುತ್ತಿದ್ದರು.

ಕೊನೆಯ ಅಂಚು ಮುಗಿದ ದಿನ ಅಜ್ಜಿಯನ್ನು ನಾನೇ ಕೈಹಿಡಿದು ಕರೆತಂದೆ. ಅತ್ತೆ ಬಟ್ಟೆಯನ್ನು ಚಾಪೆಯ ಮೇಲೆ ಹರಡಿ ಪಕ್ಕಕ್ಕೆ ಸರಿದರು. ಅಜ್ಜಿ ಬೆರಳನ್ನು ತುಟಿಗೆ ಒತ್ತಿ ಬಿಸಿ ಮಾಡಿಕೊಂಡರು, ಜೋಮು ಬಿಡಲೆಂದು. ಮೇಣದ ಗೆರೆಯ ಮೇಲೆ ಬೆರಳು ಇಳಿಯಿತು. ಸುರುಳಿಯ ಹತ್ತಿರ ಬಂತು. ನಿಲ್ಲಲಿಲ್ಲ. ಒಂದು ಚಿಗುರು, ಇನ್ನೊಂದು, ಇನ್ನೊಂದು. ಬೆರಳು ಬೇಗ ಬೇಗ ನಡೆಯಿತು, ಕತ್ತಲಲ್ಲಿ ತನ್ನ ಮನೆಯ ಓಣಿ ಸಿಕ್ಕವರ ಹಾಗೆ.

"ಇದು ನನ್ನ ಅರ್ಧ," ಅಂದರು. "ಇದನ್ನ ಯಾಕೆ ತೋರಿಸ್ತೀಯ? ನೀನು ಬರೆದಿದ್ದು ಎಲ್ಲಿ?"

"ಅದೇ ನಾನು ಬರೆದಿದ್ದು."

ಅಂಗಳದಾಚೆ ಮಸೀದಿಯಿಂದ ಸಂಜೆಯ ಬಾಂಗು ಶುರುವಾಗಿ ಮುಗಿಯಿತು.

"ಯಾರು ಹೇಳಿಕೊಟ್ರು?"

"ನೀನೇ."

"ನಾನಾ? ಯಾವಾಗ?"

ತಮ್ಮ ಕೈ ಅತ್ತೆಯ ಬೆನ್ನ ಮೇಲೆ ಓಡಾಡುವುದು ಗುರುವಾರಗಳಲ್ಲಿ ಮಾತ್ರ ಎಂದು ಅವರಿಗೆ ಹೊಳೆದಿರಬೇಕು. ಅಜ್ಜಿ ಕೈಚಾಚಿ ಅತ್ತೆಯನ್ನು ಹುಡುಕಿದರು. ಮೊದಲು ಮೊಣಕೈ ಸಿಕ್ಕಿತು, ಆಮೇಲೆ ಭುಜ, ಆಮೇಲೆ ಬೆನ್ನು. ರವಿಕೆಯ ಮೇಲಿನಿಂದಲೇ ಸೊಂಟವನ್ನು ಒತ್ತಿದರು. ಅತ್ತೆ ಹಲ್ಲು ಕಚ್ಚಿದರೂ ಒಂದು ಸಣ್ಣ ನರಳಿಕೆ ಹೊರಗೆ ಬಂದೇ ಬಂತು.

"ಇಲ್ಲಿ ಬರೆದೆನಾ ನಾನು? ಬಾಗಿಸಿ?"

"ಅಕ್ಕ..."

"ಇಷ್ಟು ದಿನ ನಿನ್ನೊಳಗೆ ಗಾಳಿ ಕಟ್ಟಿಟ್ಟೆನಾ? ಸುಮ್ಮನೆ ಮಲಗಿದ್ಯಲ್ಲೇ, ದರಿದ್ರದವಳೇ! ಬಾಯಿ ಇರಲಿಲ್ವಾ ನಿನಗೆ? ಇವಳಿಗೆ ಕಣ್ಣಿರಲಿಲ್ವಾ?"

ನನ್ನ ಕಡೆ ಮುಖ ತಿರುಗಿಸಿದರು. ನಾನಿದ್ದ ಜಾಗಕ್ಕಿಂತ ಸ್ವಲ್ಪ ಪಕ್ಕಕ್ಕೆ. ಆಮೇಲೆ ಎದ್ದು, ನನ್ನ ಕೈ ತಳ್ಳಿ, ಗೋಡೆ ಹಿಡಿದುಕೊಂಡು ಹೊರಟರು. ಎಣ್ಣೆ ಬಟ್ಟಲಿನಲ್ಲಿದ್ದ ಬಿಲ್ಲೆಯನ್ನು ತೆಗೆದುಕೊಳ್ಳುವುದನ್ನು ಮರೆಯಲಿಲ್ಲ.

ಮುಂದಿನ ಗುರುವಾರ ಅವರು ಬರಲಿಲ್ಲ. ಅದರ ಮುಂದಿನದೂ ಇಲ್ಲ. ಕರೆಯಲು ಹೋದರೆ ಬಾಗಿಲ ಹಿಂದಿನಿಂದ, "ತಲೆನೋವು, ಹೋಗು ಮಗಾ" ಎನ್ನುವ ದನಿ. ಅತ್ತೆಯ ಬೆನ್ನನ್ನು ನಾನೇ ಗೀರಿದೆ, ಚಮಚದ ಹಿಂಬದಿಯಿಂದ.

"ಬೆಕ್ಕು ನೆಕ್ಕಿದ ಹಾಗಿದೆ," ಅಂದರು ಅತ್ತೆ. ಸ್ವಲ್ಪ ಹೊತ್ತಿನ ಮೇಲೆ, "ಬೇಜಾರು ಮಾಡ್ಕೋಬೇಡ. ಬೆಕ್ಕೂ ಒಳ್ಳೇದೇ" ಅಂದರು.

ಬಟ್ಟೆ ಬಣ್ಣದವನ ಮನೆಗೆ ಹೋಯಿತು. ಮೊದಲು ನೀಲಿಯಲ್ಲಿ ಮುಳುಗಿತು, ಮತ್ತೆ ಮರದ ತೊಗಟೆಯ ಕಂದು ಬಣ್ಣದಲ್ಲಿ. ಕುದಿಯುವ ನೀರಿನಲ್ಲಿ ಮೇಣವೆಲ್ಲ ಬಿಟ್ಟುಕೊಂಡು, ಗಾಳಿಗೆ ಒಣಗಿ ಮನೆಗೆ ಬಂತು. ಮಡಿಕೆ ಬಿಚ್ಚಿದಾಗ ಮೊದಲರ್ಧ ಎಲ್ಲಿ ಮುಗಿಯುತ್ತದೆ, ಎರಡನೆಯದು ಎಲ್ಲಿ ಶುರುವಾಗುತ್ತದೆ ಎಂದು ನನಗೆ ಹುಡುಕಲಾಗಲಿಲ್ಲ. ಅತ್ತೆ ಹುಡುಕಲೂ ಇಲ್ಲ. ಹೆಗಲ ಮೇಲೆ ಹಾಕಿಕೊಂಡು, ಒಂದು ಕೈಯಲ್ಲಿ ಸೊಂಟ, ಇನ್ನೊಂದರಲ್ಲಿ ಎಣ್ಣೆ ಬಟ್ಟಲು ಹಿಡಿದು ಅಂಗಳ ದಾಟಿದರು. ನೆಲದ ಮೇಲೆ ಏನನ್ನೋ ಹುಡುಕುವವರ ಹಾಗೆ ಬಾಗಿದ ನಡಿಗೆ. ನಾನು ಹಿಂದೆ ಹೋದೆ.

ಅಜ್ಜಿಯ ಮನೆಯ ಬಾಗಿಲಿಗೆ ಅಗುಳಿ ಹಾಕಿರಲಿಲ್ಲ. ಅಜ್ಜಿ ಕಿಟಕಿಯ ಬಳಿ ಕೂತು ಮರಗೆಣಸಿನ ಸಿಪ್ಪೆ ತೆಗೆಯುತ್ತಿದ್ದರು. ಅತ್ತೆ ಬಟ್ಟೆಯನ್ನು ಪಕ್ಕಕ್ಕಿಟ್ಟು, ರವಿಕೆ ಕಳಚಿ, ಅಜ್ಜಿಯ ಮುಂದೆ ಬರಿನೆಲದ ಮೇಲೆ ಬೋರಲಾದರು. ಆ ಸದ್ದಿನಿಂದಲೇ ಅಜ್ಜಿಗೆ ತಿಳಿಯಿತು. ಚಾಕು ನಿಂತಿತು.

"ನೆಲ ತಣ್ಣಗಿದೆ. ಇನ್ನಷ್ಟು ಗಾಳಿ ಸೇರಿಸ್ಕೋತೀಯ."

"ಸೇರಿದ್ರೆ ತೆಗೆಯೋಳು ಇದ್ದಾಳಲ್ಲ."

"ನನ್ನ ಕೈ ಮೇಲೆ ನನಗೆ ನಂಬಿಕೆ ಇಲ್ಲ ಪಾರ್ತಿ. ಅದು ಎಲ್ಲಿಗೆ ಹೋಗುತ್ತೋ."

"ಇವಳು ಕೂತಿರ್ತಾಳೆ. ಬಾಗಿದ್ರೆ ಹೇಳ್ತಾಳೆ. ಈ ಸಲ ಹೇಳು ಅಂತ ಹೇಳಿದ್ದೀನಿ." ಅತ್ತೆ ನನಗೆ ಹಾಗೇನೂ ಹೇಳಿರಲಿಲ್ಲ. "ಬೇಗ ಅಕ್ಕ, ಚಳಿ ಆಗ್ತಿದೆ."

ಅಜ್ಜಿ ಬಿಲ್ಲೆಯನ್ನು ಸೊಂಟದ ಗಂಟಿನಿಂದ ಬಿಚ್ಚಿದರು. ಇಷ್ಟು ದಿನವೂ ಅದನ್ನು ಮೈಮೇಲೆಯೇ ಕಟ್ಟಿಕೊಂಡಿದ್ದರೆಂದಾಯಿತು. ಎಣ್ಣೆ ಬಿತ್ತು. ಮೊದಲ ಗೆರೆ ನೇರವಾಗಿ ಇಳಿಯಿತು. ನಾನು ಹತ್ತಿರ ಕೂತು ನೋಡಿದೆ. ಎರಡನೆಯದೂ ನೇರ. ಸೊಂಟದ ಬಳಿ ಬಂದಾಗ ಅಜ್ಜಿಯ ಕೈ ಒಮ್ಮೆ ತಡೆಯಿತು, ಮೂಲೆಯಿಂದ ಕರೆದ ದನಿಗೆ ಕಿವಿಗೊಟ್ಟಂತೆ. ಮತ್ತೆ ನೇರವಾಗಿ ಇಳಿಯಿತು. ಹಳೆಯ ಚಿಗುರುಗಳು ಮಾಸಿ ಹಳದಿ ನೆರಳುಗಳಾಗಿ ಇನ್ನೂ ಅಲ್ಲಲ್ಲಿ ಉಳಿದಿದ್ದವು. ಹೊಸ ಕೆಂಪು ಗೆರೆಗಳು ಅವುಗಳ ನಡುವಿನಿಂದಲೇ ಹಾದು ಪಕ್ಕೆಯತ್ತ, ಹೊರಗೆ, ಹೊರಗೆ ಹೋದವು. ಅತ್ತೆ ಒಂದು ದೊಡ್ಡ ತೇಗು ತೇಗಿದರು.

"ಹೋಯ್ತು ನೋಡು ಒಂದು," ಅಂದರು ಅಜ್ಜಿ.

"ಯಾವ ಊರಿನ ಗಾಳಿಯೋ ಏನೋ."

ಇಬ್ಬರೂ ನಕ್ಕರು. ನಕ್ಕಿದ್ದರಿಂದ ಅತ್ತೆಯ ಬೆನ್ನು ಕುಲುಕಿ ಒಂದು ಗೆರೆ ಸ್ವಲ್ಪ ಸೊಟ್ಟಗಾಯಿತು. ನಾನು ಹೇಳಲಿಲ್ಲ.

ಮುಗಿದ ಮೇಲೆ ಹೊದಿಸಲು ಅಜ್ಜಿ ಸುತ್ತಲೂ ಕೈಯಾಡಿಸಿದರು. ಕೈಗೆ ಸಿಕ್ಕಿದ್ದು ಆ ಬಟ್ಟೆ. ಮೇಣ ಹೋಗಿತ್ತು. ಬೆರಳಿಗೆ ಓದಲು ಅದರಲ್ಲೀಗ ಏನೂ ಇರಲಿಲ್ಲ. ಆದರೂ ಅವರು ಅದನ್ನು ಮೂಗಿಗೆ ಹಿಡಿದು, ಕೆನ್ನೆಗೆ ಒತ್ತಿಕೊಂಡು, ತುಂಬ ಹೊತ್ತು ಕೂತರು. ಆಮೇಲೆ ಬಿಚ್ಚಿ ಅತ್ತೆಯ ಮೇಲೆ ಹರಡಿದರು. ಕುತ್ತಿಗೆಯಿಂದ ಕಾಲಿನವರೆಗೆ.

"ಅಜ್ಜಿ, ಅದು ನಿಮ್ಮ..." ನನಗೆ ತಡೆಯಲಾಗಲಿಲ್ಲ.

"ಗೊತ್ತು ಮಗಾ. ನನಗೆ ಹೊದಿಸೋವಾಗ ನನಗೇನು ತಿಳಿಯುತ್ತೆ, ಬೆಚ್ಚಗಿದೆಯೋ ಇಲ್ವೋ ಅಂತ? ಇವಳು ಹೇಳ್ಲಿ." ಅಂಚನ್ನು ಅತ್ತೆಯ ಭುಜದ ಕೆಳಗೆ ತುರುಕಿದರು, ಗಾಳಿ ನುಗ್ಗದ ಹಾಗೆ. "ಹೇಗಿದೆಯೇ?"

ಅತ್ತೆಯ ಉಸಿರು ನಿಧಾನವಾಗಿ ಏರಿ ಇಳಿಯುತ್ತಿತ್ತು. ಬಟ್ಟೆಯೂ ಅದರೊಂದಿಗೆ ಏರಿ ಇಳಿಯುತ್ತಿತ್ತು, ಚಿಗುರುಗಳೂ.

"ನಿದ್ದೆ ಬಂತಾ?" ಅಜ್ಜಿ ನನ್ನನ್ನು ಕೇಳಿದರು.

"ಹೂಂ," ಅಂದೆ.

ಅವರು ಮೆಲ್ಲಗೆ ಸರಿದು ಕಿಟಕಿಯ ಬಳಿ ಹೋಗಿ, ಸದ್ದಾಗದಂತೆ ಮತ್ತೆ ಮರಗೆಣಸಿನ ಸಿಪ್ಪೆ ತೆಗೆಯತೊಡಗಿದರು. ನಾನು ಶುಂಠಿ ಕಷಾಯಕ್ಕೆ ನೀರಿಡಲು ಎದ್ದೆ.